ತುಂಬದೆ ತಂದ ಉಡಿ

ಸಹನಾ, ವೀರೇಶ, ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ. ಯುಗಾದಿ ಅಮವಾಸ್ಯೆಗೆ ನಿಮ್ಮ ಅವ್ವನನ್ನು ಕರೆತರುತ್ತೇನೆಂದು ಹೇಳಿ ಹೋದ ನಾನು ಸಂಜೆ ಒಬ್ಬಳೇ ತಿರುಗಿ ಬಂದೆ. ನೀವು ನನ್ನ ಕೈಯಲ್ಲಿನ ಗಂಟು ನೋಡಿದಿರಿ, ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ಕಮತಗಿ ಹತ್ತಿರದ ಹಳ್ಳಿ ಸಾಲಿಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತವಳು. ಆದರೂ ಆ ಪ್ರಯಾಣ ನಿಮಗೆ ಗೊತ್ತಿರಬೇಕು.

ಹೊರಡುವುದಕ್ಕೆ ಒಂದು ವಾರ ಮೊದಲು, ನಿಮ್ಮ ಅವ್ವ ಇದ್ದ ಆಶ್ರಮದಿಂದ ಫೋನು ಬಂದಿತ್ತು. ಅಲ್ಲಿಯ ಹೆಂಗಸರ ಮೇಲ್ವಿಚಾರಣೆ ನೋಡುವಾಕೆ. ಎಲ್ಲರೂ ಆಕೆಯನ್ನು ದೊಡ್ಡಕ್ಕ ಅನ್ನುತ್ತಾರೆ. ಅಮವಾಸ್ಯೆಯ ದಿನ ಬಂದು ನಿಮ್ಮ ಮಗಳ ಉಡಿ ತುಂಬಿ ಹೋಗಿರಿ ಅಂದಳು. ನಾನು ಗಂಡ ಸತ್ತವಳು, ನನ್ನ ಕೈಯಿಂದ ಆಗುತ್ತದೆಯೇ ಎಂದು ಕೇಳಿದೆ. "ನಮ್ಮಲ್ಲಿ ಅದೆಲ್ಲ ಇಲ್ರಿ ಅವ್ವಾರ. ತಾಯಿ ಕೈಗೆ ಯಾವ ಮೈಲಿಗಿ?" ಅಂದಳು.

ವೀರೇಶ, ನಿನಗೆ ಗೊತ್ತಿರಲಿಕ್ಕಿಲ್ಲ. ತವರಿಗೆ ಬಂದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಸಿನ ಬೇರು, ಕುಬಸದ ಖಣ ಹಾಕಿ ಕಳಿಸುವುದು ನಮ್ಮ ರೂಢಿ. ಅದೇ ಉಡಿ. ಬರಿಗೈಯಲ್ಲಿ ಕಳಿಸಿದರೆ ಮಗಳಿಗೆ ಕೇಡು ಅನ್ನುತ್ತಾರೆ. ಉಡಿ ತುಂಬಲು ಕರೆದಿದ್ದಾರೆಂದರೆ ಮನೆಗೆ ಕಳಿಸುತ್ತಿದ್ದಾರೆ ಎಂದೇ ನಾನು ತಿಳಿದೆ. ನಮ್ಮ ಕಡೆಯ ಯಾವ ತಾಯಿಯಾದರೂ ಹಾಗೇ ತಿಳಿಯುತ್ತಿದ್ದಳು. ಇನ್ನೊಂದು ಮಾತು. ನಿಮ್ಮ ಅಜ್ಜ ಹೋದ ಮೇಲೆ ನಾನು ಯಾರ ಉಡಿಯನ್ನೂ ತುಂಬಿರಲಿಲ್ಲ. ಬೇಡವೆಂದು ಯಾರೂ ಅಂದಿರಲಿಲ್ಲ, ನಾನೇ ಹಿಂದೆ ಸರಿದು ಗೋಡೆಗೆ ನಿಲ್ಲುತ್ತಿದ್ದೆ. ಆ ದಿನ ಫೋನು ಇಟ್ಟು, ಅಡುಗೆಮನೆಯಲ್ಲಿ ಕೂತು ಸಂತೋಷಕ್ಕೆ ಅತ್ತೆ.

ಅಮವಾಸ್ಯೆಯ ಹಿಂದಿನ ದಿನ ನಮ್ಮ ಇಳಕಲ್ಲಿನಿಂದ ಬೆಳಗಿನ ಬಸ್ಸು ಹಿಡಿದೆ. ಹೆಂಗಸರಿಗೆ ಈಗ ಟಿಕೀಟಿಗೆ ದುಡ್ಡಿಲ್ಲ, ಆಧಾರ್ ಕಾರ್ಡು ತೋರಿಸಿದರೆ ಸೊನ್ನೆ ರೂಪಾಯಿಯ ಚೀಟಿ ಕೊಡುತ್ತಾರೆ. ಅದಕ್ಕೇ ಕಾಲಿಡಲು ಜಾಗವಿರಲಿಲ್ಲ. ನಾನು ಗಂಟನ್ನು ಎದೆಗವಚಿಕೊಂಡು ನಿಂತದ್ದನ್ನು ನೋಡಿ ಕಂಡಕ್ಟರು, "ಗಂಟಿಗೂ ಆಧಾರ್ ಕಾರ್ಡ್ ಐತೇನ್ರಿ ಅವ್ವಾರ? ಕೆಳಗ ಇಡ್ರಿ" ಅಂದ. ಮಗಳ ಉಡಿ ಸಾಮಾನು ಎಂದೆ. ಅವನು ಒಬ್ಬ ಹುಡುಗನನ್ನು ಎಬ್ಬಿಸಿ ನನಗೆ ಸೀಟು ಕೊಡಿಸಿದ. ಉಡಿ ಸಾಮಾನು ನೆಲಕ್ಕಿಡಬಾರದು ಎಂದು ಅವನಿಗೂ ಗೊತ್ತಿತ್ತು.

ಹುನಗುಂದ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಜೋಳ ಕೊಯ್ದ ಎರೆಹೊಲಗಳು. ಬಿಸಿಲಿಗೆ ನೆಲ ಆಗಲೇ ಬಾಯಿ ಬಿಟ್ಟಿತ್ತು. ಅಮೀನಗಡದಲ್ಲಿ ಬಸ್ಸು ನಿಂತಾಗ ಕಿಟಕಿಯಿಂದಲೇ ಕರದಂಟು ಕೊಂಡೆ. ನಿಮ್ಮ ಅವ್ವ ಶೈಲಾ ಸಣ್ಣವಳಿದ್ದಾಗ ಅದರೊಳಗಿನ ಅಂಟು ಆರಿಸಿ ತಿಂದು ಉಳಿದದ್ದನ್ನು ನನ್ನ ಕೈಗೆ ಕೊಡುತ್ತಿದ್ದಳು. ಕಮತಗಿಯ ಮೇಲೆ ಹಾದು ಊಟದ ಹೊತ್ತಿಗೆ ಬಾಗಲಕೋಟೆ ಮುಟ್ಟಿದೆ.

ನವನಗರದ ನಿಮ್ಮ ಮನೆಯಲ್ಲಿ ಆ ರಾತ್ರಿ ಉಳಿದೆ. ವೀರೇಶ, ನಿನಗೆ ವಾರದಿಂದ ಜ್ವರ, ಆ ಸಂಜೆಯೇ ಇಳಿದಿತ್ತು. ನಿಮ್ಮ ಅಪ್ಪ ಈರಣ್ಣ ಗಂಜಿ ಕಾಯಿಸಿ ನಿನಗೆ ಕುಡಿಸುತ್ತ ನನಗೆ ಹಳೆಯದೆಲ್ಲ ಹೇಳಿದ. ತಂದೆ ಸತ್ತ ದುಃಖದಲ್ಲಿದ್ದ ಶೈಲಾಳನ್ನು ಪಕ್ಕದ ಸೆಕ್ಟರಿನ ಹೆಂಗಸರು ಗುರುವಾರದ ಭಜನೆಗೆ ಕರೆದರು. ಅಲ್ಲಿ ಎಲ್ಲರೂ ಅವಳ ಕೈಹಿಡಿದು ಅತ್ತರಂತೆ. ಮೊದಲು ಗುರುವಾರ, ಆಮೇಲೆ ದಿನಾಲು. ಟಿವಿ ಬಿಟ್ಟಳು, ಗೆಳತಿಯರನ್ನು ಬಿಟ್ಟಳು, ನಮ್ಮ ಮಠಕ್ಕೆ ಬರುವುದನ್ನು ಬಿಟ್ಟಳು. ಒಂದೊಂದನ್ನು ಬಿಟ್ಟಾಗಲೂ ಒಳ್ಳೆಯದೇ ಅನ್ನಿಸುತ್ತಿತ್ತಂತೆ. ಹತ್ತು ದಿನದ ಸೇವೆಗೆಂದು ಅವರ ಆಶ್ರಮಕ್ಕೆ ಹೋದವಳು ದಸರೆಯಾದರೂ ಬರಲಿಲ್ಲ. ಈರಣ್ಣ ಎರಡು ಸಲ ಹೋದರೂ ಬಾಗಿಲಲ್ಲೇ ಮಾತಾಡಿಸಿ ಕಳಿಸಿದ್ದರು. ಸಹನಾ, ನೀನು ಬಾಗಿಲ ಮರೆಯಲ್ಲಿ ನಿಂತಿದ್ದೆ. "ಆಯಿ, ಬೇವು-ಬೆಲ್ಲಕ್ಕ ಅವ್ವ ಇರ್ತಾಳಲ್ಲ?" ಎಂದು ಕೇಳಿದೆ. ಇರ್ತಾಳ ಎಂದೆ.

ಮರುದಿನ ಬಾದಾಮಿ ಬಸ್ಸು. ಗುಡ್ಡದ ಕೆಂಪು ಕಲ್ಲು ಆ ಹೊತ್ತಿಗೇ ಕಾದು ಝಳ ಹೊಡೆಯುತ್ತಿತ್ತು. ಅಲ್ಲಿಂದ ಚೊಳಚಗುಡ್ಡಕ್ಕೆ ಟಂಟಂ ಗಾಡಿ ಸಿಕ್ಕಿತು. ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಕೆಂಪುಚಟ್ನಿ, ಮೊಸರು ಮಾರುವ ಹೆಂಗಸರು ಕೂತಿದ್ದರು. ಒಬ್ಬಾಕೆಯ ಹತ್ತಿರ ಉಂಡು ಆಶ್ರಮದ ದಾರಿ ಕೇಳಿದೆ. ಅವಳು ನನ್ನನ್ನು ಮೇಲೆ ಕೆಳಗೆ ನೋಡಿ, "ಒಳ್ಳೇದಾತು ಮೊದಲ ಉಂಡ್ರಿ. ಅಲ್ಲಿಗೆ ಹೋದಾವರು ತಿರಗಿ ನನ್ನ ಕಡೆ ಉಣ್ಣೂದಿಲ್ರಿ, ನಮ್ಮ ರೊಟ್ಟಿ ವಿಷ ಅಂತ" ಅಂದು ನಕ್ಕಳು. ನಾನೂ ನಕ್ಕೆ. ದಾರಿಯುದ್ದಕ್ಕೂ ಆ ಮಾತು ಕಾಲಿಗೆ ಸಿಕ್ಕ ಮುಳ್ಳಿನಂತೆ ಚುಚ್ಚುತ್ತಿತ್ತು.

ಆಶ್ರಮ ಹೊಲದ ನಡುವೆ ಇತ್ತು. ತಗಡಿನ ಮಾಡು, ಸುಣ್ಣದ ಗೋಡೆ, ಬೇವಿನ ಗಿಡ. ಬಾಗಿಲಲ್ಲಿ ನನ್ನ ಫೋನು ಇಸಿದುಕೊಂಡು ಅರಿವೆಯ ಚೀಲಕ್ಕೆ ಹಾಕಿದರು. ಆಮೇಲೆ ಇಬ್ಬರು ಹೆಣ್ಣುಮಕ್ಕಳು ಬಿಸಿನೀರು ತಂದು ನನ್ನ ಕಾಲು ತೊಳೆದರು. "ನಿಮ್ಮ ಬಲ ಮೊಣಕಾಲ ನೋಯ್ತದಲ್ರಿ ಅವ್ವಾರ" ಎಂದು ದೊಡ್ಡಕ್ಕ ತಾನೇ ಎಣ್ಣೆ ತಿಕ್ಕಿದಳು. ನನ್ನನ್ನು ಎಲ್ಲರ ಮುಂದೆ ಕುರ್ಚಿಯ ಮೇಲೆ ಕೂಡ್ರಿಸಿದರು. ಖರೆ ಹೇಳುತ್ತೇನೆ, ನನಗೆ ಅದು ಭಾಳ ಸೇರಿತು. ನಿಮ್ಮ ಅಜ್ಜ ಹೋದ ಮೇಲೆ ನನ್ನನ್ನು ಯಾರೂ ಹಾಗೆ ಮುಂದೆ ಕೂಡ್ರಿಸಿರಲಿಲ್ಲ. ಇಂಥ ಒಳ್ಳೆಯ ಜನರ ಮೇಲೆ ಈರಣ್ಣನಿಗೆ ಏಕೆ ಸಿಟ್ಟು ಎಂದು ಅರ್ಧ ತಾಸು ನಾನೂ ಅಂದುಕೊಂಡೆ.

ಆಮೇಲೆ ಶೈಲಾ ಬಂದಳು. ಬಿಳಿ ಸೀರೆ, ಇಳಿದ ಗಲ್ಲ, ನಿದ್ದೆಯಿಲ್ಲದೆ ಕೆಂಪಾದ ಕಣ್ಣು. ನಸುಕಿನ ಮೂರಕ್ಕೆ ಎದ್ದು ಜಪ, ದಿನಕ್ಕೆ ಒಂದೇ ಹೊತ್ತು ಊಟವಂತೆ. ಅವಳು ನನಗೆ ಯಾವಾಗಲೂ 'ಬಂದೆ ಏನ ಯವ್ವಾ' ಅನ್ನುವವಳು. ಆ ದಿನ, "ಬಂದ್ರೇನ್ರಿ ತಾಯಿ" ಅಂದಳು. ಅಪ್ಪಿಕೊಂಡೆ. ಅವಳ ಕೊರಳಿಗೆ ಕೈ ತಾಗಿತು, ಲಿಂಗದ ದಾರ ಇರಲಿಲ್ಲ. ಹುಟ್ಟಿದಾಗ ಕಟ್ಟಿದ್ದು, ಸತ್ತಾಗಲೂ ಮೈಮೇಲೆ ಇರುವಂಥದ್ದು. ಎಲ್ಲಿ ಎಂದು ಕೇಳಿದೆ. ಅವಳು ದೊಡ್ಡಕ್ಕನ ಮುಖ ನೋಡಿದಳು, ಆಮೇಲೆ, "ಅಪ್ಪಾರ ಪಾದದಾಗ ಒಪ್ಪಿಸೇನ್ರಿ" ಅಂದಳು. ಅಪ್ಪಾರು ಅಂದರೆ ಅವರ ಗುರು.

ವೀರೂನಿಗೆ ವಾರದಿಂದ ಜ್ವರ ಬಂದಿತ್ತೆಂದು ಹೇಳಿದೆ. ಮತ್ತೆ ದೊಡ್ಡಕ್ಕನ ಮುಖ ನೋಡಿದಳು. "ಅವರವರ ಕರ್ಮ ಅವರವರು ಉಣಬೇಕ್ರಿ" ಅಂದಳು. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬಳು ತನ್ನ ತಾಯಿಗೆ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದಳು. ನಾನು ತಂದ ಕರದಂಟನ್ನು ದೊಡ್ಡಕ್ಕ ಪ್ರಸಾದಕ್ಕಾಗುತ್ತದೆ ಎಂದು ಇಸಿದುಕೊಂಡಳು. ಬಚ್ಚಲಿಗೆ ಹೋದರೂ ಒಬ್ಬಾಕೆ ಬಾಗಿಲ ಹೊರಗೆ ನಿಂತಳು. ತಾಯಿ ಮಗಳು ಇಬ್ಬರೇ ಕೂಡುವಂಥ ಒಂದು ಕ್ಷಣವೂ ಸಿಗಲಿಲ್ಲ.

ಮಧ್ಯಾಹ್ನ ಅಪ್ಪಾರು ಬಂದು ಕೂತರು. ಗದರುವ ಮನುಷ್ಯ ಇರಬೇಕು ಎಂದು ನಾನು ಅಂದುಕೊಂಡಿದ್ದೆ. ಇವರದು ಬೆಣ್ಣೆಯಂಥ ದನಿ. ಒಬ್ಬ ಹುಡುಗಿ ಎದ್ದು, ಅಣ್ಣನ ಮದುವೆಗೆ ಒಂದು ದಿನ ಹೋಗಿ ಬರಲೇ ಎಂದು ಕೇಳಿದಳು. ಅಪ್ಪಾರು ನಕ್ಕರು. ಕೂತವರೆಲ್ಲ ನಕ್ಕರು. ಹುಡುಗಿಯೂ ನಕ್ಕಳು, ನಗುನಗುತ್ತಲೇ ಅತ್ತಳು. ತಪ್ಪಾಯಿತೆಂದು ನೆಲಕ್ಕೆ ಹಣೆ ಹಚ್ಚಿದಳು. "ಸಂಶಯ ಅನ್ನೋದು ಗೆದ್ದಲ ನೋಡ್ರಿ, ಮನಿಯಾವರ ಕಾಲಿಗೆ ಹತ್ತಿ ಒಳಗ ಬರ್ತದ" ಅಂದರು ಅಪ್ಪಾರು. ನನಗೆ ನಮ್ಮ ಮಠದ ಸ್ವಾಮಿಗಳು, ಅಜ್ಜಾರು, ನೆನಪಾದರು. ನಿಮ್ಮ ಅಜ್ಜ ನಮ್ಮ ಕಟ್ಟೆಯ ಮೇಲೆ ಅವರ ಜೊತೆ ಜಗಳಾಡಿದಂತೆ ವಾದ ಮಾಡುತ್ತಿದ್ದರು. ಸೋತ ದಿನ ಅಜ್ಜಾರು, "ನಿನ್ನ ಬಾಯಿಗೆ ಯಾರು ಹತ್ತಬೇಕೋ ಮಾರಾಯ" ಎಂದು ಚಹಾ ಕುಡಿದು ಹೋಗುತ್ತಿದ್ದರು. ಮರುವಾರ ಮತ್ತೆ ಬರುತ್ತಿದ್ದರು.

ಉಡಿ ತುಂಬುವ ಹೊತ್ತು ಬಂತು. ಏಳೆಂಟು ಹೆಣ್ಣುಮಕ್ಕಳು ಸೆರಗೊಡ್ಡಿ ಸಾಲಾಗಿ ಕೂತರು, ಎದುರಿಗೆ ಅವರವರ ತಾಯಂದಿರು. ನನ್ನ ಗಂಟನ್ನು ದೊಡ್ಡಕ್ಕ ನೆಲದ ಮೇಲಿಟ್ಟಿದ್ದಳು. ನಾನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಆಗ ದೊಡ್ಡಕ್ಕ ಎಲ್ಲರಿಗೂ ಕೇಳುವಂತೆ ಹೇಳಿದಳು. ಇಂದಿಗೆ ಈ ಮಕ್ಕಳಿಗೆ ತವರೂ ಇಲ್ಲ, ಗಂಡನ ಮನೆಯೂ ಇಲ್ಲ, ಇನ್ನು ಗುರುವಿನ ಮನೆಯೇ ಮನೆ. ತಾಯಂದಿರೇ ಸ್ವಂತ ಕೈಯಿಂದ ಕೊಡುತ್ತಿದ್ದಾರೆ, ಮುಂದೆ ಯಾರೂ ಕೇಳಿಕೊಂಡು ಬರುವಂತಿಲ್ಲ.

ನನ್ನ ಕೈ ಅಕ್ಕಿಯೊಳಗಿತ್ತು. ಅಲ್ಲೇ ನಿಂತಿತು.

ಆಚೀಚೆಯ ತಾಯಂದಿರು ಅಳುತ್ತ ತುಂಬುತ್ತಿದ್ದರು. ತುಂಬದಿದ್ದರೆ ಮಗಳಿಗೆ ಕೇಡು ಎಂಬ ಅಂಜಿಕೆ ನನಗೂ ಇತ್ತು. ಶೈಲಾಳ ಬರಿದಾದ ಸೆರಗು ಕಣ್ಣ ಮುಂದೆ. ದೊಡ್ಡಕ್ಕ ನನ್ನ ಕಿವಿಯಲ್ಲಿ, "ಖಾಲಿ ಉಡಿ ಇಡಬಾರದ್ರಿ ಅವ್ವಾರ, ತುಂಬ್ರಿ" ಅಂದಳು. ಎಲ್ಲರ ಕಣ್ಣೂ ನನ್ನ ಮೇಲೆ.

"ಉಡಿ ತುಂಬೂದು ಮನಿಗೆ ಕಳಸಾಕ್ರಿ, ಮನಿ ಬಿಡಸಾಕ ಅಲ್ಲ" ಅಂದೆ. ದನಿ ನಡುಗಿತು, ಆದರೂ ಬಂತು. "ಶೈಲಾ, ಬಾಗಲಕೋಟಿಗೆ ನಡಿ. ನಿನ್ನ ದೇವರ ಮನ್ಯಾಗ ಕುಂತು ತುಂಬ್ತೇನಿ."

ಅವಳು ದೊಡ್ಡಕ್ಕನ ಮುಖ ನೋಡಿದಳು. "ನನಗ ತಾಯಿ ಇಲ್ಲ" ಅಂದಳು. ಸಿಟ್ಟಿಲ್ಲ, ದುಃಖವಿಲ್ಲ, ಪಾಠ ಒಪ್ಪಿಸಿದ ಹಾಗೆ. ದೊಡ್ಡಕ್ಕ ಆಶ್ರಮದ ಅಕ್ಕಿಯನ್ನೇ ತಂದು ಅವಳ ಉಡಿ ತುಂಬಿದಳು. ನಾನು ಗಂಟು ಕಟ್ಟಿಕೊಂಡು ಎದ್ದೆ. ಬೆಳಿಗ್ಗೆ ಕಾಲು ತೊಳೆದ ಆ ಹೆಣ್ಣುಮಕ್ಕಳು ನನಗೆ ಬೆನ್ನು ತಿರುಗಿಸಿ ಕೂತರು. ಅಷ್ಟು ಪ್ರೀತಿ ಒಂದು ಗಳಿಗೆಯಲ್ಲಿ ದೀಪ ಊದಿದಂತೆ ಹೋಯಿತು.

ನನ್ನನ್ನು ಹೊರಗೆ ಕಳಿಸುವ ಕೆಲಸವನ್ನು ಶೈಲಾಳಿಗೇ ಹಚ್ಚಿದರು, ಅವಳ ಗಟ್ಟಿತನ ನೋಡಲಿಕ್ಕೆ ಇರಬೇಕು. ಅವಳು ಚೀಲದಿಂದ ಫೋನು ತೆಗೆದು ಕೊಟ್ಟಳು. ದೊಡ್ಡಕ್ಕ ನಾಲ್ಕು ಹೆಜ್ಜೆ ಹಿಂದೆ ಯಾರನ್ನೋ ಕರೆಯುತ್ತಿದ್ದಳು. ಆಗ ಶೈಲಾ ನೆಲ ನೋಡುತ್ತಲೇ, ತುಟಿ ಅಲ್ಲಾಡಿಸದ ಹಾಗೆ, "ಯವ್ವಾ, ವೀರೂನ ಜ್ವರ ಇಳದಾವೇನ?" ಎಂದು ಕೇಳಿದಳು.

"ಇಳದಾವ. ಗಂಜಿ ಉಂಡಾನ" ಅಂದೆ. ಅಷ್ಟರಲ್ಲಿ ದೊಡ್ಡಕ್ಕ ತಿರುಗಿದಳು, ಶೈಲಾಳ ಮುಖ ಮತ್ತೆ ಮೊದಲಿನಂತಾಯಿತು. ಬಾಗಿಲು ಹಾರು ಹೊಡೆದು ತೆರೆದೇ ಇತ್ತು. ಕೀಲಿ ಇರಲಿಲ್ಲ, ಚಿಲಕವೂ ಇರಲಿಲ್ಲ. ಹೊಸ್ತಿಲ ಒಳಗೆ ಒಂದು ಹೆಜ್ಜೆ ದೂರದಲ್ಲಿ ಅವಳು ನಿಂತಿದ್ದಳು, ಆ ಒಂದು ಹೆಜ್ಜೆ ಇಡಲಿಲ್ಲ.

ಮರಳುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಗಂಟು ತೊಡೆಯ ಮೇಲೇ ಇತ್ತು. ಯುಗಾದಿಯ ದಿನ ನಿಮಗೆ ಬೇವು-ಬೆಲ್ಲ ಕೊಟ್ಟವಳು ನಾನೇ. ಸಹನಾ, ನೀನು ಬೇವನ್ನಷ್ಟೇ ಆರಿಸಿ ತಿಂದೆ. ನಾನು ನೋಡಿದೆ.

ಇಳಕಲ್ಲಿಗೆ ಹೋಗುವಾಗ ಹುನಗುಂದದಲ್ಲಿ ಇಳಿದು, ಕೋರ್ಟಿನ ಹತ್ತಿರ ನಿಮ್ಮ ಅಜ್ಜನಿಗೆ ಪರಿಚಯವಿದ್ದ ವಕೀಲರನ್ನು ಕಂಡೆ. ಅವರು ಒಳ್ಳೆಯವರು, ಕೂಡ್ರಿಸಿ ಕೇಳಿದರು. "ಕಟ್ಟಿ ಹಾಕ್ಯಾರೇನ್ರಿ?" ಇಲ್ಲ. "ಹೊಡದಾರೇನ್ರಿ?" ಇಲ್ಲ. "ಬಾಗಲಕ ಕೀಲಿ?" ಅದೂ ಇಲ್ಲ. "ಆಕಿ ಸಣ್ಣಾಕಿ ಅಲ್ರಿ ಅವ್ವಾರ. ತನ್ನ ಮನಸಿಲೆ ಹೋಗ್ಯಾಳ ಅಂತಾರ" ಅಂದರು. ನನಗೆ ಉತ್ತರ ಬರಲಿಲ್ಲ. ಎದ್ದು ಬಂದೆ.

ಉತ್ತರ ಈಗ ಬಂದಿದೆ. ಅವಳ ಮನಸ್ಸು ಅವಳದಾಗಿದ್ದರೆ ಮಗನ ಜ್ವರ ಕೇಳಲು ಒಂದು ಗಳಿಗೆ ಕದಿಯಬೇಕಾಗಿರಲಿಲ್ಲ. ಮಕ್ಕಳೇ, ನಾಳೆ ನೀವು ಕಾಲೇಜಿಗೆ, ನೌಕರಿಗೆ ಹೋಗುತ್ತೀರಿ. ಇಂಥವರು ಅಲ್ಲಿಯೂ ಸಿಗುತ್ತಾರೆ, ಕಾವಿಯನ್ನೇ ತೊಟ್ಟಿರಬೇಕೆಂದಿಲ್ಲ. ನಿಮ್ಮ ಗುರುತು ಆಗುವ ಮೊದಲೇ ನಿಮ್ಮ ಮೇಲೆ ಪ್ರೀತಿ ಸುರಿದರೆ, ನೀವು ಒಮ್ಮೆ ಬೇಡ ಅಂದು ನೋಡಿರಿ, ಆ ಪ್ರೀತಿ ಉಳಿಯುತ್ತದೆಯೋ ಎಂದು. ಮಾತಾಡುವ ಮೊದಲು ಜನ ಯಾರ ಮುಖ ನೋಡುತ್ತಾರೆ ನೋಡಿರಿ. ಮನೆಗೆ ಹೋಗಿ ಬರುತ್ತೇನೆ ಎಂದವರನ್ನು ನೋಡಿ ನಗುವ ಜಾಗದಲ್ಲಿ ದೇವರಿರುವುದಿಲ್ಲ. ಮತ್ತೆ, ಅವರು ಹೇಳುವುದೆಲ್ಲ ಸುಳ್ಳಿರುವುದಿಲ್ಲ. ಸುಳ್ಳಿನ ಅಡುಗೆಗೂ ಖರೆಯ ಉಪ್ಪು ಬೇಕಲ್ಲ. ತಾಯಿ ಕೈಗೆ ಮೈಲಿಗೆಯಿಲ್ಲ ಎಂದರಲ್ಲ, ಅದು ಖರೆಯೇ. ಆ ಮಾತನ್ನು ನಾನು ಅವರಿಂದ ಕಸಿದುಕೊಂಡು ಬಂದಿದ್ದೇನೆ. ಈಗ ಓಣಿಯಲ್ಲಿ ಯಾರದೇ ಉಡಿ ಇದ್ದರೂ ಗೋಡೆಗೆ ಸರಿದು ನಿಲ್ಲುವುದಿಲ್ಲ.

ಶೈಲಾಳಿಗೆಂದು ತಂದ ಗುಳೇದಗುಡ್ಡದ ಖಣ ಹಾಗೇ ಇದೆ. ಅಕ್ಕಿಗೆ ಹುಳ ಬೀಳದಂತೆ ಆಗಾಗ ಬದಲಿಸುತ್ತೇನೆ. ಈ ಹಾಳೆಗಳನ್ನು ಆ ಖಣದಲ್ಲೇ ಸುತ್ತಿ ನಿಮಗೆ ಕೊಡುತ್ತೇನೆ, ಜೋಪಾನವಾಗಿ ಇಡಿರಿ. ಅವ್ವ ಬಂದ ದಿನ ಏನೂ ಕೇಳಬೇಡಿರಿ. ನಾನಿದ್ದರೆ ನಾನು, ಇಲ್ಲದಿದ್ದರೆ ಸಹನಾ ನೀನು, ಮೊದಲು ಅವಳ ಉಡಿ ತುಂಬಬೇಕು. ಹಾಳೆಗಳನ್ನು ಆಮೇಲೆ ಅವಳ ಕೈಗೆ ಕೊಡಿರಿ. ಅಲ್ಲಿಯವರೆಗೆ ಕಳೆಯಬೇಡಿರಿ.