ಮೂರನೆಯ ಪುಟ, ಮೂವತ್ತನೆಯ ಪುಟ

ನೀರು ಸರಬರಾಜು ಕಚೇರಿಯ ಬೈಂಡಿಂಗ್ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದ ಅವರನ್ನು ಜೊತೆಗಾರರಾದ ನಾವು ‘ಅಂಟಣ್ಣ’ ಎಂದೇ ಕರೆಯುತ್ತಿದ್ದೆವು. ನೌಕರರ ಸಂಘಕ್ಕೆ ಐವತ್ತು ತುಂಬಿದಾಗ ಸ್ಮರಣ ಸಂಚಿಕೆಯ ಹೊಣೆ ಅವರ ಹೆಗಲಿಗೆ ಬಿತ್ತು. ಅವರ ತಮ್ಮ ತೀರಿಕೊಂಡು ಆಗ ಒಂಬತ್ತು ವರ್ಷವಾಗಿತ್ತು.

ತಮ್ಮನದೂ ಅದೇ ಕಚೇರಿ. ತೊಟ್ಟಿ ತೊಳೆಯುವ ಕೆಲಸ. ವಿಷಗಾಳಿ ಕುಡಿದು ತೊಟ್ಟಿಯೊಳಗೇ ಸತ್ತ. ಮುಖಕವಚ ಕೊಟ್ಟಿದ್ದರೂ ಹಾಕಿಕೊಳ್ಳಲಿಲ್ಲವೆಂದು ವಿಚಾರಣೆಯವರು ಬರೆದರು. ಸಂಘದ ಅಧ್ಯಕ್ಷರೇ ಸಾಕ್ಷಿಯಾಗಿ ರುಜು ಹಾಕಿದರು. ಆ ವರ್ಷ ಉಗ್ರಾಣದಲ್ಲಿ ಒಂದು ಮುಖಕವಚವೂ ಇರಲಿಲ್ಲ. ಉಗ್ರಾಣದ ಪುಸ್ತಕಕ್ಕೆ ಹೊಲಿಗೆ ಹಾಕಿದ ಅಂಟಣ್ಣನಿಗೆ ಅದು ಗೊತ್ತಿತ್ತು.

“ಭಾವ, ಅವರದು ತಪ್ಪಿಲ್ಲ ಅಂತ ಒಂದ್ಸಲ ಅಚ್ಚಾಗ್ಲಿ,” ಎಂದಳು ತಮ್ಮನ ಹೆಂಡತಿ. “ನಿಮ್ಮಪ್ಪ ಉಡಾಫೆ ಮಾಡಿ ಸತ್ರು ಅಂತ ಮಗಳಿಗೆ ಸ್ಕೂಲಲ್ಲಿ ಹಂಗಿಸ್ತಾರೆ.”

ಅಂಟಣ್ಣ ಎಂಟು ಹಾಳೆ ಮಡಚಿ ಮೂವತ್ತೆರಡು ಪುಟಗಳ ಮಾದರಿ ಮಾಡಿದರು. ನಡುವೆ ಪಿನ್ನು ಹೊಡೆಯುವ ಪುಸ್ತಕದಲ್ಲಿ ಮೂರನೆಯ ಪುಟವೂ ಮೂವತ್ತನೆಯ ಪುಟವೂ ಒಂದೇ ಕಾಗದದ ಎರಡು ರೆಕ್ಕೆಗಳು. ಮೂರರಲ್ಲಿ ಅಧ್ಯಕ್ಷರ ಭಾವಚಿತ್ರ, ಸಂದೇಶ. ಮೂವತ್ತರಲ್ಲಿ ವಂದನೆಗಳು ಎಂದು ಒಪ್ಪಿಗೆ ಪಡೆದು, ಅಚ್ಚಿಗೆ ಹೋಗುವಾಗ ವಂದನೆ ತೆಗೆದು ತಮ್ಮನ ಸಾವಿನ ನಿಜ ಇಟ್ಟರು.

“ಮೂವತ್ತನ್ನ ಮುಟ್ಟಿದ್ರೆ ಸಾಹೇಬ್ರ ಮುಖಾನೇ ಉದುರುತ್ತೆ,” ಎಂದು ಅಚ್ಚುಕೂಟದವನೊಡನೆ ನಕ್ಕರಂತೆ.

ಸಮಾರಂಭದ ಹಿಂದಿನ ಬೆಳಿಗ್ಗೆ ನಾನೂರು ಪ್ರತಿ ಸಂಘದ ಕೋಣೆಗೆ ಬಂದವು. ಅಧ್ಯಕ್ಷರು ಕೊನೆಯಿಂದ ಓದುವ ಅಭ್ಯಾಸದವರು.

“ಏನ್ರೀ ಅಂಟಣ್ಣ, ಉಂಡ ಮನೆಗೇ ಎರಡು ಬಗೀತೀರಾ? ಕೀಳ್ರಿ ಇದನ್ನ!”

“ಕಿತ್ರೆ ನಿಮ್ಮ ಸಂದೇಶಾನೂ ಹೋಗುತ್ತೆ ಸಾರ್.”

ಅಧ್ಯಕ್ಷರು ಪುಸ್ತಕವನ್ನು ಬಿಡಿಸಿ ನೋಡಿದರು.

“ಹೋಗ್ಲಿ ಬಿಡಿ. ಅದನ್ನ ಯಾರು ಓದ್ತಾರೆ? ನಂಗೆ ವೇದಿಕೆ ಮೇಲೆ ಮೈಕ್ ಇದೆಯಲ್ಲ. ನೀವು ಕೀಳ್ತೀರೋ, ಇಲ್ಲ ಅಷ್ಟನ್ನೂ ರದ್ದಿಗೆ ಹಾಕಿಸ್ಲೋ?”

ಹನ್ನೆರಡನೆಯ ಪುಟದಲ್ಲಿ ತಮ್ಮನು ಜೊತೆಗಾರರೊಡನೆ ನಿಂತ ಚಿತ್ರವಿತ್ತು. ಸಮವಸ್ತ್ರದಲ್ಲಿ ಅವನದು ಅದೊಂದೇ. ಅದಾದರೂ ಉಳಿಯಲೆಂದು ಅಂಟಣ್ಣ ಚಾಕು ಹಿಡಿದು ಕುಳಿತರು. ಪಿನ್ನು ಎತ್ತಿ, ಹಾಳೆ ಎಳೆದು, ಪಿನ್ನು ಮತ್ತೆ ಮಡಚಿ, ಸಂಜೆಯೊಳಗೆ ನಾನೂರನ್ನೂ ಮುಗಿಸಿದರು. ಕಿತ್ತ ಹಾಳೆಗಳನ್ನು ಅಧ್ಯಕ್ಷರು ಎಣಿಸಿಕೊಂಡು ಒಯ್ದರು.

“ಮೂಗು ಕೊಯ್ಕೊಂಡು ಅಪಶಕುನ ಮಾಡೋರು ಗಾದೇಲಿ ಮಾತ್ರ ಇರ್ತಾರೆ ಅಂದ್ಕೊಂಡಿದ್ದೆ,” ಎಂದರು ಅಂಟಣ್ಣ, ನನ್ನೊಡನೆ.

ಮರುದಿನ ಸಭೆಯಲ್ಲಿ ತಮ್ಮನ ಮಗಳು ಪುಸ್ತಕವನ್ನು ಎರಡು ಸಲ ತಿರುವಿದಳು.

“ದೊಡ್ಡಪ್ಪ, ಇಪ್ಪತ್ತೆಂಟಾದ್ಮೇಲೆ ಮೂವತ್ತೊಂದಿದೆ.”

“ಹೂಂ, ಮಗಳೇ.”

“ಯಾರು ಕಿತ್ತಿದ್ದು?”

ವೇದಿಕೆಯಲ್ಲಿ ಅಧ್ಯಕ್ಷರು ಮಾತಾಡುತ್ತಿದ್ದರು. “ನಾನೇ,” ಎಂದರು ಅಂಟಣ್ಣ.

ತಾಯಿ ಮಗಳ ಕೈಯಿಂದ ಪುಸ್ತಕ ತೆಗೆದು ಕುರ್ಚಿಯ ಮೇಲಿಟ್ಟು, ಅವಳನ್ನು ಎಬ್ಬಿಸಿಕೊಂಡು ಹೊರನಡೆದಳು. ಅಂದಿನಿಂದ ಅವಳು ಅವರನ್ನು ಭಾವ ಎಂದು ಕರೆದಿಲ್ಲ.