ಪೆನ್‌ಡ್ರೈವಿನೊಳಗಿನ ಶರಣಪ್ಪ

ಬೀದರದಿಂದ ಔರಾದಕ್ಕೆ ಹೊರಟ ಬಾಡಿಗೆ ಕಾರಿನಲ್ಲಿ ಇದ್ದವರು ನಾನು ಮತ್ತು ಡ್ರೈವರ್, ಇಬ್ಬರೇ. ಹಾಡು ಹಚ್ಚುತ್ತೇನೆಂದು ಆತ ಟೇಪಿಗೆ ಪೆನ್‌ಡ್ರೈವ್ ಚುಚ್ಚಿದ. ಬಂದದ್ದು ಹೆಂಗಸರ ನಗು, ಅದರ ನಡುವೆ ಒಂದು ನಾಚಿದ ದನಿ: "ತಾಟಿನ್ಯಾಗ ಹೋಳಿಗಿ, ಹೋಳಿಗಿ ಮ್ಯಾಲ ತುಪ್ಪ, ನಮ್ಮ ಮನಿಯವರ ಹೆಸರು ಶರಣಪ್ಪ!"

ನಾನು ಬೆಚ್ಚಿಬಿದ್ದೆ. ಶರಣಪ್ಪ ನಾನೇ. ದನಿ ಮಾತ್ರ ನನ್ನ ಹೆಂಡತಿಯದಲ್ಲ.

"ನನ್ನ ಹೆಸರು ಇದರಾಗ ಹ್ಯಾಂಗ ಬಂತ್ರಿ?" ಎಂದೆ.

ಆತ ನನಗಿಂತ ಗಾಬರಿಯಾದ. "ನಿಮ್ದಲ್ರಿ ಸರ್, ಅದು ನನ್ನ ಹೆಸರು. ಮದಿವ್ಯಾಗ ಗಂಡನ ಹೆಸರು ಹೇಳು ಅಂದಾಗ ನಮ್ಮಾಕಿ ಹೇಳಿದ ಒಡಪು ಅದು. ಆಮ್ಯಾಲ ಒಮ್ಮಿನೂ ನನ್ನ ಹೆಸರು ಬಾಯಾಗ ತಂದಿಲ್ರಿ. ಅದಕ್ಕ ಇಟ್ಕೊಂಡೀನಿ. ಹಾಡು ಅದರ ಹಿಂದ ಬರ್ತಾವ್ರಿ."

ಹಾಡು ಬರಲೇ ಇಲ್ಲ. ಪೆನ್‌ಡ್ರೈವ್ ಸಡಿಲಾಗಿತ್ತು, ತಗ್ಗು ಬಂದಾಗೊಮ್ಮೆ ಟೇಪು ನಿಂತು, ಮತ್ತೆ ಹೋಳಿಗೆಯಿಂದಲೇ ಶುರುವಾಗುತ್ತಿತ್ತು. ಸಂತಪುರ ದಾಟುವಷ್ಟರಲ್ಲಿ ಆಕೆ ಏಳು ಸಲ ಶರಣಪ್ಪ ಎಂದಳು. ಗೊತ್ತಿದ್ದೂ ಏಳು ಸಲವೂ ನಾವಿಬ್ಬರೂ ಒಟ್ಟಿಗೆ ತಲೆಯೆತ್ತಿದೆವು. ಓಗೊಡಬೇಕಾದವರು ಯಾರು ಎಂಬುದೇ ನನಗೆ ತಿಳಿಯದಂತಾಯಿತು.

ಮನೆಗೆ ಬಂದವನೇ ಹೆಂಡತಿಗೆ, "ನನ್ನ ಹೆಸರು ಒಂದ್ಸಲ ಹೇಳು ನೋಡೋಣ" ಎಂದೆ.

ಆಕೆ ನನ್ನ ಹಣೆ ಮುಟ್ಟಿ ನೋಡಿದಳು. "ಯಾಕ್ರಿ, ಮರ್ತೀರೇನು?"