ಸೊಂಡಿಲಿದ್ದ ಹುಳು

ನಾಯಿಯ ಒಣ ಆಹಾರದ ಚೀಲದಲ್ಲಿ ಹುಳು ಕಂಡ ದಿನ ನಾನು ಮೊದಲು ಮುಟ್ಟಿ ನೋಡಿಕೊಂಡದ್ದು ನನ್ನ ಹೊಟ್ಟೆಯನ್ನು. ಆ ಚೀಲದಿಂದ ನಾನೇನೂ ತಿಂದಿರಲಿಲ್ಲ. ಆದರೆ ಚಿಂತೆ ಮಾಡುವವನಿಗೆ ಇಷ್ಟು ನೆವ ಸಾಕು.

ಮುಧೋಳದಲ್ಲಿದ್ದುಕೊಂಡು ಮುಧೋಳ ನಾಯಿಗೆ ಚೀಲದ ಆಹಾರ ಹಾಕುವುದನ್ನು ನಮ್ಮ ಓಣಿಯವರು ಇನ್ನೂ ಒಪ್ಪಿಲ್ಲ. ನನ್ನ ಹೆಂಡತಿ ಇರುವತನಕ ಅದು ಜೋಳದ ರೊಟ್ಟಿ, ಹಾಲು ತಿಂದೇ ಬೆಳೆಯಿತು. ಹಂಚಿನ ಮೇಲಿನ ಕೊನೆಯ ರೊಟ್ಟಿ ಯಾವತ್ತೂ ಅದರದು. ಈ ಸುಗ್ಗಿಯ ಜೋಳವನ್ನು ಹಸನು ಮಾಡಿ, ಬೇವಿನೆಲೆ ಬೆರೆಸಿ ಡ್ರಮ್ಮಿಗೆ ತುಂಬಿಟ್ಟ ಮೇಲೆ ಅವಳು ತೀರಿಕೊಂಡಳು. ಆಮೇಲೆ ನನಗೆ ಖಾನಾವಳಿಯ ರೊಟ್ಟಿ, ನಾಯಿಗೆ ಚೀಲದ ಗುಳಿಗೆ. ಚೀಲವನ್ನು ಆ ಡ್ರಮ್ಮಿಗೇ ಒರಗಿಸಿ ಇಟ್ಟಿದ್ದೆ. ಡ್ರಮ್ಮಿನ ಮುಚ್ಚಳ ಮಾತ್ರ ತೆಗೆದಿರಲಿಲ್ಲ. ಅವಳ ಕೈಯಾಡಿದ ಜೋಳ ಹಾಗೇ ಇರಲಿ ಎಂದು.

ಬಿಳಿ ತಾಟಿನಲ್ಲಿ ಹುಳುಗಳನ್ನು ಉದುರಿಸಿ, ಮೊಬೈಲಿನಲ್ಲಿ ಚಿತ್ರ ದೊಡ್ಡದು ಮಾಡುತ್ತ ಕುಳಿತೆ. ರಬಕವಿಯಿಂದ ಬಂದಿದ್ದ ಅಕ್ಕ ಬಗ್ಗಿ ನೋಡಿದಳು.

"ಏನ ಮಾಡಾಕತ್ತಿ ತಮ್ಮಾ?"

"ಹುಳದ ಜಾತಿ ನೋಡಾಕತ್ತೇನಿ."

"ಛಲೋ ಆತು. ಹೆಣ್ಣ ನೋಡಾಕ ಹೋದಾಗ ಸೈತ ಇಷ್ಟ ನೋಡಿದ್ದಿಲ್ಲ ನೀ."

ನಾನು ನಗಲಿಲ್ಲ. ಚೀಲದ್ದೇ ಹುಳುವಾದರೆ ಚೀಲ ಎಸೆದರಾಯಿತು, ಅಂಗಡಿಯವನನ್ನು ಬೈದರಾಯಿತು. ಡ್ರಮ್ಮಿನಿಂದ ಬಂದದ್ದಾದರೆ ಮುಚ್ಚಳ ತೆಗೆಯಬೇಕು. ಇಂಥ ಆಹಾರದ ಪುಡಿಯಲ್ಲಿ ಸಾಮಾನ್ಯವಾಗಿ ಬೆಳೆಯುವುದು ಕೆಂಪಗಿನ, ಚಪ್ಪಟೆಯಾದ ಹಿಟ್ಟಿನ ಹುಳು, ಅದಕ್ಕೆ ಸೊಂಡಿಲಿಲ್ಲ. ಪತಂಗದ ಮರಿಯಾದರೆ ಜೇಡರ ಬಲೆಯಂಥ ಎಳೆ ಬಿಟ್ಟಿರುತ್ತದೆ. ಎರಡರಲ್ಲಿ ಯಾವುದಾದರೂ ಆಗಲಪ್ಪಾ ಎಂದು ಮನೆದೇವರಿಗೆ ಬೇಡಿಕೊಂಡೆ. ಹುಳು ಬೇಡಿಕೊಂಡ ಭಕ್ತ ಆ ದೇವರಿಗೆ ನಾನೊಬ್ಬನೇ ಇರಬೇಕು.

ಮೊದಲನೆಯದಕ್ಕೆ ಸೊಂಡಿಲಿತ್ತು. ಮುಂಗಾಲಿರಬಹುದು ಎಂದು ಕನ್ನಡಕ ಒರೆಸಿ ನೋಡಿದೆ. ಸೊಂಡಿಲೇ. ಉಳಿದವಕ್ಕೂ ಅದೇ. ಗುಳಿಗೆಗಳನ್ನು ಒಡೆದು ನೋಡಿದರೆ ಒಳಗೆ ತೂತಿಲ್ಲ, ಮರಿಯಿಲ್ಲ. ಇವು ಇಲ್ಲಿ ಹುಟ್ಟಿದವಲ್ಲ. ಇಡೀ ಕಾಳು ಕೊರೆದು, ಅದರೊಳಗೇ ಮೊಟ್ಟೆಯಿಟ್ಟು ಬೆಳೆಯುವ ಜಾತಿ.

"ಜೋಳದ ನುಸಿ," ಎಂದೆ.

ಅಕ್ಕ ಡ್ರಮ್ಮಿನ ಕಡೆ ನೋಡಿದಳು. "ಮಳಿಗಾಲಕ್ಕ ಮೊದಲ ಒಮ್ಮೆ ಬಿಸಲಿಗೆ ಹಾಕಿ, ಹೊಸಾ ಬೇವಿನ ತಪ್ಪಲಾ ಹಾಕತಿದ್ದಳು ಆಕಿ. ಮುಚ್ಚಳಾ ತಗಿ."

"ನಾಳಿ ತಗದರಾತು."

"ನಾಳಿ ಅನಕೋತ ಅಷ್ಟೂ ಹಿಟ್ಟ ಆಗತೈತಿ. ತಗಿಯೋ."

ತೆಗೆದೆ. ಮೇಲಿನ ಬೇವಿನೆಲೆ ಬೆರಳು ತಾಗುತ್ತಲೇ ಪುಡಿಯಾಯಿತು. ಕಾಳುಗಳಲ್ಲೆಲ್ಲ ತೂತು. ಮೊಣಕೈವರೆಗೆ ಕೈ ಇಳಿಸಿದೆ. ಒಳಗೆ ಜೋಳ ಬೆಚ್ಚಗಿತ್ತು. ನುಸಿ ಹತ್ತಿದ ಕಾಳು ಬಿಸಿಯಾಗುತ್ತದೆ ಎಂದು ಆಗಷ್ಟೇ ಓದಿದ್ದೆ. ಗೊತ್ತಿದ್ದರೂ ಕೈ ಹೊರಗೆ ತೆಗೆಯಲು ಆಗಲಿಲ್ಲ.

"ಸಾಕ, ಬಿಡು," ಎಂದು ಅಕ್ಕನೇ ತೋಳು ಹಿಡಿದು ಎಳೆದಳು.

ಮಾಳಿಗೆಯ ಮೇಲೆ ಹರವಿದೆವು. ನುಸಿಗಳು ಬಿಸಿಲು ತಾಳದೆ ಸಾಲಾಗಿ ಗೋಡೆ ಹತ್ತಿ ಹೋದವು. ಅಕ್ಕ ಮೊರದಲ್ಲಿ ಕೇರಿ, ಆರಿಸಿ, ಗಟ್ಟಿ ಕಾಳು ಬೇರೆ ಮಾಡಿದಳು. ಒಂದು ಸಣ್ಣ ಪಾತ್ರೆ ತುಂಬಲಿಲ್ಲ. ಉಳಿದದ್ದನ್ನು ಓಣಿಯ ಕೋಳಿಗಳಿಗೆ ಹಾಕಿದೆವು. ಆ ಗಟ್ಟಿ ಕಾಳನ್ನು ಗಿರಣಿಗೆ ಒಯ್ದು ಹಿಟ್ಟು ಮಾಡಿಸಿಕೊಂಡು ಬಂದೆ.

ಅಕ್ಕ ರೊಟ್ಟಿ ಬಡಿಯತೊಡಗಿದಳು. ಆ ಸಪ್ಪಳ ನಮ್ಮ ಮನೆಯಲ್ಲಿ ಕೇಳಿ ಎಷ್ಟೋ ದಿನವಾಗಿತ್ತು. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು, ಬಾಲ ಬಡಿಯುತ್ತ ಅಡುಗೆಮನೆಗೆ ಓಡಿ ಬಂತು. ಅಕ್ಕನ ಮುಖ ನೋಡಿತು, ಅವಳ ಹಿಂದೆ ನೋಡಿತು. ಬಾಲ ನಿಂತಿತು. ಖಾಲಿ ಡ್ರಮ್ಮಿನ ಪಕ್ಕ ಹೋಗಿ ಮಲಗಿತು.

ಆ ಸಪ್ಪಳಕ್ಕೆ ನಾನೂ ಪಡಸಾಲೆಯಿಂದ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.